ಹಳೆಯ ರೇಸಿಂಗ್ ಸೈಕಲ್: ತುಕ್ಕಿನ ಪರೀಕ್ಷೆ ಮತ್ತು ಚಿಕಿತ್ಸೆ

ಇಂಗ್ಲೆಂಡಿನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ‘531’ ಉಕ್ಕಿನ ಕೊಳವೆಗಳಿಂದ ದಶಕಗಳ ಕಾಲ ರೇಸಿಂಗ್ ಸೈಕಲ್‌ಗಳು ತಯಾರಾದವು. ತೂಕ ತಗ್ಗಿಸುವ ಸಲುವಾಗಿ ಈ ಕೊಳವೆಗಳು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾಗಿಯೂ ಇರುತ್ತಿದ್ದವು. ಆದ್ದರಿಂದ ಇಂತಹ ಸೈಕಲ್ಲಿಗೆ ಮರುಜೀವ ನೀಡುವಾಗ, ತುಕ್ಕು ತಿಂದು ಉಳಿದಿರುವ ಲೋಹವೆಷ್ಟು ಎಂಬುದೇ ಮೊದಲ ಪ್ರಶ್ನೆ.

ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿ ತುಕ್ಕು ಉಂಟಾಗುತ್ತದೆ. ಇದು ಸರಂಧ್ರವಾದ್ದರಿಂದ ಒಳಗಿನ ಲೋಹಕ್ಕೆ ರಕ್ಷಣೆ ನೀಡದು, ಕೊರೆತ ಮುಂದುವರಿಯುತ್ತದೆ.

ಮೊದಲು ಪರೀಕ್ಷೆ
ಸೀಟಿನ ಬಳಿ ಒಳಸೇರುವ ಮಳೆನೀರು ಇಳಿದು ಪೆಡಲ್ ಅಚ್ಚಿನ ಗೂಡಿನಲ್ಲಿ ಸಂಗ್ರಹವಾಗುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಕೊಳವೆ ಸವೆದಿರಬಹುದು. ಅಚ್ಚನ್ನು ಬಿಚ್ಚಿ, ಟಾರ್ಚ್ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯ. ಇಂಗ್ಲಿಷ್ ಅಳತೆಯ ಫ್ರೇಮ್‌ಗಳಲ್ಲಿ ಚೈನಿನ ಬದಿಯ ಕಪ್ ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಬಣ್ಣ ಉಬ್ಬಿರುವೆಡೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಲೋಹ ತಗ್ಗಿದರೆ ಅಥವಾ ತೂತಾದರೆ ಆ ಫ್ರೇಮ್ ಸವಾರಿಗೆ ಯೋಗ್ಯವಲ್ಲ. ಮುಂಗವೆ, ಅಂದರೆ ಫೋರ್ಕ್, ಸವಾರಿಯ ನಡುವೆ ಮುರಿದರೆ ಪ್ರಾಣಾಪಾಯ. ಅದರ ಪರೀಕ್ಷೆಯಲ್ಲಿ ರಿಯಾಯಿತಿ ಸಲ್ಲದು.

ಸಿಲುಕಿದ ಭಾಗಗಳು
ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಇದ್ದಲ್ಲಿ, ತೇವದಿಂದ ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಲಪ್ರಯೋಗಿಸಿದರೆ ಕೊಳವೆ ತಿರುಚಿಕೊಂಡೀತು. ಸಂದಿಗೆ ತೆಳುವಾದ ಎಣ್ಣೆ ಹನಿಸಿ ಕೆಲವು ದಿನ ಕಾಯುವುದು ಲೇಸು.

ತುಕ್ಕು ನಿವಾರಣೆ
ಕ್ರೋಮ್ ಲೇಪದ ಮೇಲಿನ ತೆಳು ತುಕ್ಕನ್ನು ನೀರಿನಲ್ಲಿ ಅದ್ದಿದ ಅಲ್ಯೂಮಿನಿಯಂ ಹಾಳೆಯಿಂದ ಉಜ್ಜಿ ತೆಗೆಯಬಹುದು. ಬಣ್ಣ ಹೋದ ಜಾಗಕ್ಕೆ ಉಪ್ಪುಕಾಗದ ಸಾಕು. ಆಳವಾದ ತುಕ್ಕಿಗೆ ಲೀಟರ್ ನೀರಿಗೆ ಸುಮಾರು 20 ಗ್ರಾಂ ಆಕ್ಸಾಲಿಕ್ ಆಮ್ಲ ಬೆರೆಸಿ ನೆನೆಸುವುದುಂಟು. ಇದು ವಿಷಕಾರಿ, ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗಗಳನ್ನು ಮೊದಲೇ ಕಳಚಬೇಕು. ಹೈಡ್ರೋಕ್ಲೋರಿಕ್‌ನಂತಹ ಪ್ರಬಲ ಆಮ್ಲಗಳಿಂದ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪೆಡಸಾಗುವ ಸಂಭವವಿರುವುದರಿಂದ ಅವು ವರ್ಜ್ಯ.

ರಕ್ಷಣೆ
ನೆನೆಸಿದ ಭಾಗವನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ತಕ್ಷಣ ಒಣಗಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಮೂಡುತ್ತದೆ. ಬಳಿಕ ಹೊರಭಾಗಕ್ಕೆ ಪ್ರೈಮರ್ ಮತ್ತು ಬಣ್ಣ, ಕೊಳವೆಗಳ ಒಳಭಾಗಕ್ಕೆ ಕುದಿಸಿದ ಅಗಸೆ ಎಣ್ಣೆ, ಸೀಟ್ ಪೋಸ್ಟಿಗೂ ತಿರುಪಿನ ಎಳೆಗಳಿಗೂ ಗ್ರೀಸ್ ಹಚ್ಚಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಮುದ್ದೆ ಮಾಡಿಡದೆ ಹರವಿ ಒಣಗಿಸಬೇಕು.