ಮಾರೋವಾಗ ಯಾರು ತಗೊಳ್ತಾರೆ? ಭಾರತದ ಎಸ್ಟೇಟ್ ಕಾರುಗಳ ಕಥೆ

(ಈ ವಾರದ ಸಂಚಿಕೆಯ ಲಿಖಿತ ರೂಪ)



ಇವತ್ತು ಒಂದು ಸೋತ ಗಾಡಿಯ ಇತಿಹಾಸ ಹೇಳ್ತೀನಿ. ಗೆದ್ದ ಗಾಡಿಗಳ ಬಗ್ಗೆ ಎಲ್ಲರೂ ಮಾತಾಡ್ತಾರೆ. ಅಂಬಾಸಿಡರ್ ಬಗ್ಗೆ ಪುಸ್ತಕ ಇದೆ, ಮಾರುತಿ 800 ಬಗ್ಗೆ ಎಲ್ಲರ ಮನೇಲೂ ಒಂದೊಂದು ಕಥೆ ಇದೆ. ಆದರೆ ಎಸ್ಟೇಟ್ ಕಾರು? ಮುಂದಿನಿಂದ ನೋಡಿದ್ರೆ ಮಾಮೂಲಿ ಕಾರು, ಹಿಂದೆ ಮಾತ್ರ ಚಾವಣಿ ಡಿಕ್ಕಿಯ ತುದಿವರೆಗೂ ನೇರವಾಗಿ ಹೋಗಿರುತ್ತೆ, ಹಿಂದಿನ ಗಾಜಿನ ಸಮೇತ ಬಾಗಿಲು ಮೇಲಕ್ಕೆ ಎತ್ಕೊಳ್ಳುತ್ತೆ. ಆ ಗಾಡಿ.

ನಮ್ಮನೇಲಿ ಅಂಥದ್ದೊಂದಿದೆ. 2008ರ ಮಾಡೆಲ್. 2012ರಲ್ಲಿ ಅಪ್ಪ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗ ನಾನು ಎಸ್ಸೆಸ್ಸೆಲ್ಸಿ. ಯಾವ ಕಂಪನಿ ಅಂತ ಹೇಳಲ್ಲ. ಹೇಳಿದ್ರೆ ಕಾಮೆಂಟಲ್ಲಿ ಬರೀ ಆ ಕಂಪನಿಯದ್ದೇ ಜಗಳ ಆಗುತ್ತೆ. ತಿಪಟೂರಲ್ಲಿ ನಮ್ಮದೊಂದು ಸಣ್ಣ ಬಟ್ಟೆ ಅಂಗಡಿ. ಚಿಕ್ಕಪೇಟೆಯಿಂದ ಬಟ್ಟೆ ಥಾನುಗಳನ್ನ ತರೋಕೆ ಒಂದು ಗಾಡಿ ಬೇಕಿತ್ತು, ಭಾನುವಾರ ಅಜ್ಜಿ ಸಮೇತ ಐದು ಜನ ಕೂತ್ಕೊಂಡು ಹೋಗೋಕೂ ಒಂದು ಬೇಕಿತ್ತು. ಎರಡು ಗಾಡಿಗೆ ದುಡ್ಡಿರಲಿಲ್ಲ.

ಗಾಡಿ ಮನೆ ಮುಂದೆ ನಿಂತ ದಿನ ಮಾವ ಬಂದಿದ್ರು. ಒಂದು ಸುತ್ತು ಹಾಕಿ ಹೇಳಿದ ಮೊದಲ ಮಾತು: "ಎಲ್ಲಾ ಸರಿ ಭಾವ, ಮಾರೋವಾಗ ಇದನ್ನ ಯಾರು ತಗೊಳ್ತಾರೆ?"

ಈ ದೇಶದಲ್ಲಿ ಎಸ್ಟೇಟ್ ಕಾರನ್ನ ಮುಗಿಸಿದ್ದು ಇದೇ ಪ್ರಶ್ನೆ ಅಂತ ನನ್ನ ವಾದ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಸ್ಟೇಷನ್ನಿಂದ ಶುರು

ನಮ್ಮ ಚಿಕ್ಕಮಗಳೂರು, ಕೊಡಗಿನ ಕಡೆ ಎಸ್ಟೇಟ್ ಅಂದ್ರೆ ಕಾಫಿ ತೋಟ. ಕಾರಿನ ಹೆಸರಲ್ಲಿರೋ ಎಸ್ಟೇಟ್ ಕೂಡ ಅದೇ ಅರ್ಥದ್ದು: ಬ್ರಿಟನ್ನಿನ ಜಮೀನುದಾರರ ದೊಡ್ಡ ಆಸ್ತಿ. ಅಲ್ಲಿ ಬೇಟೆಗೆ ಜನ, ಬಂದೂಕು, ನಾಯಿ ಎಲ್ಲವನ್ನೂ ಒಟ್ಟಿಗೆ ಸಾಗಿಸೋ ಗಾಡಿ ಬೇಕಿತ್ತು. ಅಮೆರಿಕದಲ್ಲಿ ಇದೇ ಗಾಡಿಗೆ ಸ್ಟೇಷನ್ ವ್ಯಾಗನ್ ಅಂತ ಹೆಸರು. ರೈಲ್ವೆ ಸ್ಟೇಷನ್ನಿಗೆ ಬಂದಿಳಿದವರನ್ನ ಟ್ರಂಕು, ಪೆಟ್ಟಿಗೆ ಸಮೇತ ಮನೆಗೋ ಹೋಟೆಲಿಗೋ ಮುಟ್ಟಿಸೋ ಗಾಡಿ.

ಮೊದಮೊದಲು ಇವುಗಳ ಹಿಂಭಾಗ ಮರದ್ದು. 1929ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಎ ಕಾರಿನ ಸ್ಟೇಷನ್ ವ್ಯಾಗನ್ ತಂದಾಗ ಅದಕ್ಕೆ ಮಿಷಿಗನ್ನಿನ ತನ್ನದೇ ಕಾಡಿನ ಮರ ಬಳಸ್ತು. ಬ್ರಿಟನ್ನಿನಲ್ಲಿ 1953ರಲ್ಲಿ ಬಂದ ಮೋರಿಸ್ ಮೈನರ್ ಟ್ರಾವೆಲರ್‌ನ ಹಿಂಭಾಗಕ್ಕೂ ಮರದ ಚೌಕಟ್ಟೇ. ಮರ ಅಂದ್ಮೇಲೆ ವಾರ್ನಿಷ್ ಮಾಡ್ತಿರಬೇಕು, ಇಲ್ಲಾಂದ್ರೆ ಕೊಳೆಯುತ್ತೆ. ಬರಬರ್ತಾ ಪೂರ್ತಿ ಉಕ್ಕಿನ ಬಾಡಿ ಬಂತು, ಮಕ್ಕಳಿರೋ ಮಧ್ಯಮ ವರ್ಗದ ಮನೆಗಳ ಮುಂದೆ ಈ ಗಾಡಿ ನಿಲ್ಲೋಕೆ ಶುರುವಾಯ್ತು. ಅಂದ್ರೆ ಅಲ್ಲಿ ಇದು ಕೆಲಸದ ಗಾಡಿಯಾಗಿ ಹುಟ್ಟಿ ಸಂಸಾರದ ಗಾಡಿ ಆಯ್ತು. ನಮ್ಮಲ್ಲಿ ಮಾತ್ರ ಸಂಸಾರದ ಗಾಡಿ ಅಂತ ಮಾರೋಕೆ ಬಂದದ್ದನ್ನ ಜನ ಕೆಲಸದ ಗಾಡಿ ಅಂತ ನೋಡಿದ್ರು.

ಕಾಯೋ ಕಾಲ

ನಮ್ಮಲ್ಲೂ ಎಸ್ಟೇಟ್ ಇರಲಿಲ್ಲ ಅಂತಲ್ಲ. ಅಂಬಾಸಿಡರ್‌ಗೆ ಎಸ್ಟೇಟ್ ರೂಪ ಇತ್ತು, ಪ್ರೀಮಿಯರ್ ಪದ್ಮಿನಿಗೂ ಇತ್ತು. ಆದರೆ ಲೈಸೆನ್ಸ್ ರಾಜ್ ಕಾಲದಲ್ಲಿ ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಕೈಗೆ ಬಂದ ಗಾಡಿಯನ್ನ ಕಾಯೋ ತಾಳ್ಮೆ ಇಲ್ಲದವರಿಗೆ ಹೆಚ್ಚಿನ ಬೆಲೆಗೆ ಮಾರೋರೂ ಇದ್ರು.

ಬಿ.ಕಾಂ. ಓದಿದವನಾಗಿ ಇಲ್ಲೊಂದು ಮಾತು ಹೇಳ್ಲೇಬೇಕು. ಬೇರೆ ದೇಶಗಳಲ್ಲಿ ಕಾರು ಅಂದ್ರೆ ಖರ್ಚು. ನಮ್ಮಲ್ಲಿ ಎರಡು ಮೂರು ತಲೆಮಾರಿಗೆ ಕಾರು ಅಂದ್ರೆ ಆಸ್ತಿ. ಸೈಟು, ಚಿನ್ನದ ಹಾಗೆ. ಆಸ್ತಿ ಅಂದ ತಕ್ಷಣ ನಾವು ಮೊದಲು ನೋಡೋದು ಅದನ್ನ ಬಳಸೋಕೆ ಹೇಗಿದೆ ಅಂತಲ್ಲ, ನಾಳೆ ಎಷ್ಟಕ್ಕೆ ಹೋಗುತ್ತೆ ಅಂತ. ಲೈಸೆನ್ಸ್ ರಾಜ್ 1991ರಲ್ಲಿ ಹೋಯ್ತು, ಈ ಅಭ್ಯಾಸ ಹೋಗಲಿಲ್ಲ.

ಬೆಂಗಳೂರಿನ ಎಸ್ಟೇಟು

1992ರಲ್ಲಿ ಟಾಟಾ ಒಂದು ಗಾಡಿ ತಂತು. ಹೆಸರೇ ಟಾಟಾ ಎಸ್ಟೇಟ್. ಅದುವರೆಗೂ ಲಾರಿ ಮಾಡ್ತಿದ್ದ ಕಂಪನಿ, 1988ರ ಟಾಟಾಮೊಬೈಲ್ ಪಿಕಪ್ಪಿನ ತಳಪಾಯದ ಮೇಲೆ 1991ರಲ್ಲಿ ಸಿಯೆರಾ ಮಾಡ್ತು, ಆಮೇಲೆ ಈ ಎಸ್ಟೇಟ್. 1948 ಸಿ.ಸಿ. ಡೀಸೆಲ್ ಎಂಜಿನ್. ನೋಡೋಕೆ ಗಂಭೀರವಾಗಿತ್ತು. ಈಗಲೂ ಎಲ್ಲಾದ್ರೂ ಒಂದು ಕಂಡ್ರೆ ತಿರುಗಿ ನೋಡ್ಬೇಕು ಅನಿಸುತ್ತೆ.

ಬೆಂಗಳೂರಿನದ್ದೂ ಒಂದು ಪಾಲಿದೆ. ಇಲ್ಲಿ ಸಿಪಾನಿ ಅಂತ ಒಂದು ಕಾರು ಕಂಪನಿ ಇತ್ತು. ಫೈಬರ್ ಬಾಡಿಯ ಡಾಲ್ಫಿನ್ ಕಾರು ಮಾಡಿದವರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ವಿನ್ಯಾಸ ಅದು. ಅದೇ ಸಿಪಾನಿ 90ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನ ಇಲ್ಲಿ ಜೋಡಿಸಿ ಮಾರ್ತು. ಅದರಲ್ಲಿ ಎಸ್ಟೇಟ್ ಕೂಡ ಇತ್ತು. ಬ್ರಿಟನ್ನಿನಲ್ಲಿ ಮಾಂಟೆಗೊ ಬಂದಿದ್ದು 1984ರಲ್ಲಿ, ಅಲ್ಲಿ ಅದು ಮನೆಗೆ ಹೋಗೋ ಹೊತ್ತಿಗೆ ನಮ್ಮಲ್ಲಿ ದುಬಾರಿ ಬೆಲೆಗೆ ಹೊಸ ಕಾರು ಅಂತ ಬಂತು. ಹೋಗಿದ್ದು ತುಂಬಾ ಕಡಿಮೆ.

ಆಮೇಲೆ ಒಂದರ ಹಿಂದೆ ಒಂದು. ಮಾರುತಿ ಬಲೆನೊ ಆಲ್ಟುರಾ, ಫಿಯೆಟ್ ಸಿಯೆನಾ ವೀಕೆಂಡ್, ಓಪಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ, 2004ರಲ್ಲಿ ಟಾಟಾ ಇಂಡಿಗೊ ಮರೀನಾ. ಇಷ್ಟು ಕಂಪನಿಗಳು ಪ್ರಯತ್ನ ಮಾಡಿದ್ವು. ಯಾವುದೂ ನಿಲ್ಲಲಿಲ್ಲ.

ಯಾಕೆ ಸೋತಿತು

ಮೊದಲನೇ ಕಾರಣ ಸೀಟು. ನಮ್ಮ ಮನೆಗಳಲ್ಲಿ ಖಾಲಿ ಜಾಗ ಕಂಡ್ರೆ ಅಲ್ಲಿ ಇನ್ನೊಬ್ಬರನ್ನ ಕೂರಿಸಬಹುದಲ್ಲ ಅಂತ ಲೆಕ್ಕ. ಸಾಮಾನು ಬೇಕಾದ್ರೆ ಮೇಲೆ ಕ್ಯಾರಿಯರ್ ಮೇಲೆ ಹೋಗ್ಲಿ. 1994ರಲ್ಲಿ ಬಂದ ಸುಮೊ ಈ ಲೆಕ್ಕ ಹಿಡೀತು. 2000ದಲ್ಲಿ ಟೊಯೋಟಾ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. ಎರಡೂ ತಯಾರಾದದ್ದು ನಮ್ಮ ಬಿಡದಿಯಲ್ಲಿ. ಅಂದ್ರೆ ಬೆಂಗಳೂರಲ್ಲಿ ಎಸ್ಟೇಟ್ ಜೋಡಿಸಿದ ಕಂಪನಿ ಸೋತ ಕೆಲವೇ ವರ್ಷಕ್ಕೆ, ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರದಲ್ಲೇ ಎಸ್ಟೇಟ್‌ಗಳನ್ನ ಪೂರ್ತಿ ಮೂಲೆಗೆ ಸರಿಸಿದ ಗಾಡಿ ಹುಟ್ಟಿತು.

ಎರಡನೇದು ಹಳದಿ ಬೋರ್ಡು. ಸುಮೊ, ಕ್ವಾಲಿಸ್, ಇನ್ನೋವಾ ಟ್ಯಾಕ್ಸಿ ಆದ್ವು. ಟ್ಯಾಕ್ಸಿ ಆದ ಗಾಡಿಗೆ ಪ್ರತಿ ತಾಲ್ಲೂಕಲ್ಲೂ ಮೆಕ್ಯಾನಿಕ್ ಇರ್ತಾನೆ, ಸ್ಪೇರ್ ಸಿಗುತ್ತೆ, ಹಳೇದಾದ್ರೂ ಕೊಳ್ಳೋರಿರ್ತಾರೆ. ಎಸ್ಟೇಟ್ ಟ್ಯಾಕ್ಸಿ ಆಗಲಿಲ್ಲ. ಸ್ಪೇರ್ ಕಡಿಮೆ, ಅದಕ್ಕೆ ಕೊಳ್ಳೋರು ಕಡಿಮೆ. ಕೊಳ್ಳೋರು ಕಡಿಮೆ, ಅದಕ್ಕೆ ಸ್ಪೇರ್ ಇನ್ನೂ ಕಡಿಮೆ.

ಮೂರನೇದು ಜನರಿಗೆ ಅಷ್ಟಾಗಿ ಗೊತ್ತಿಲ್ಲ: ತೆರಿಗೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ ಶೇ. 24ರಿಂದ ಶೇ. 16ಕ್ಕೆ ಇಳೀತು. ಸಣ್ಣ ಕಾರು ಅಂದ್ರೆ ಯಾವುದು? ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಒಳಗೆ, ಡೀಸೆಲ್ 1500 ಸಿ.ಸಿ. ಒಳಗೆ. 2008ರಲ್ಲಿ ಆ ಸುಂಕ ಶೇ. 12 ಆಯ್ತು. ಕಂಪನಿಗಳು ಟೇಪು ಹಿಡಿದು ಅಳತೆಗೆ ಕೂತ್ವು. ಅದೇ ವರ್ಷ ಇಂಡಿಗೊ ಸೆಡಾನಿನ ಡಿಕ್ಕಿ ಮೊಟಕು ಮಾಡಿ ಇಂಡಿಗೊ ಸಿ.ಎಸ್. ಬಂತು. ಸೆಡಾನಿನ ಬಾಲ ಕತ್ತರಿಸಿದ್ರೂ ಅದು ಸೆಡಾನೇ. ಎಸ್ಟೇಟಿನ ಬಾಲ ಕತ್ತರಿಸಿದ್ರೆ? ಹ್ಯಾಚ್‌ಬ್ಯಾಕ್ ಆಗೋಗುತ್ತೆ. ಮರೀನಾದ ಬಾಲ ಕತ್ತರಿಸಿದ್ರೆ ಉಳಿಯೋದು ಇಂಡಿಕಾ, ಅದು ಆಗ್ಲೇ ಮಾರುಕಟ್ಟೇಲಿತ್ತು! ಉದ್ದವೇ ಗುಣ ಆಗಿರೋ ಗಾಡಿಗೆ ಉದ್ದಕ್ಕೇ ದಂಡ ಬಿತ್ತು. ಆ 4 ಮೀಟರ್ ಗೆರೆ ಜಿ.ಎಸ್.ಟಿ.ಯಲ್ಲೂ ಉಳ್ಕೊಂಡಿದೆ. 2025ರ ಸೆಪ್ಟೆಂಬರ್ ಬದಲಾವಣೆ ಆದ್ಮೇಲೆ ಗೆರೆಯ ಈಚೆಗೆ ಶೇ. 18, ಆಚೆಗೆ ಶೇ. 40.

ಇವೆಲ್ಲದರ ಜೊತೆಗೆ ನೋಟ. ಡಿಕ್ಕಿ ಹಿಂದಕ್ಕೆ ಚಾಚಿದ್ರೆ ಸಾಹುಕಾರ, ಚಾವಣಿ ಚಾಚಿದ್ರೆ ಆಂಬುಲೆನ್ಸು. ನಮ್ಮ ಬೀದಿಯಲ್ಲೂ ಕೇಳಿದ್ರು, "ಯಾರಿಗೆ ಹುಷಾರಿಲ್ಲ?" ಅಂತ.

ಮನೆ ಲೆಕ್ಕ

ಈಗ ನಮ್ಮ ಗಾಡಿಗೆ ಬರ್ತೀನಿ. ಬ್ರೋಕರ್ ಅಪ್ಪನಿಗೆ ಅದೇ ಕಂಪನಿಯ, ಅದೇ ವರ್ಷದ, ಅದೇ ಎಂಜಿನ್ನಿನ ಎರಡು ಗಾಡಿ ತೋರಿಸಿದ್ರಂತೆ. ಸೆಡಾನ್‌ಗೆ 1,90,000. ಎಸ್ಟೇಟ್‌ಗೆ 1,35,000. "ಯಜಮಾನ್ರೇ, ಇದು ಮೂರು ತಿಂಗಳಿಂದ ನಿಂತಿದೆ, ತಗೊಂಡೋಗಿ" ಅಂದ್ರಂತೆ. ಜಾಗ ಜಾಸ್ತಿ, ರೇಟು 55,000 ಕಡಿಮೆ. ಮಾವನ ಪ್ರಶ್ನೆಗೆ ಅಪ್ಪ ಕೊಟ್ಟ ಉತ್ತರ ಇಷ್ಟೇ: "ಮಾರಿದ್ರಲ್ವೇನೋ ಆ ಮಾತು."

ಹಿಂದಿನ ಸೀಟು ಮಡಚಿದ್ರೆ ಥಾನುಗಳು ಬಗ್ಗದೆ, ಮಡಿಕೆ ಬೀಳದೆ ಉದ್ದಕ್ಕೆ ಮಲಗ್ತಿದ್ವು. ಲಗೇಜ್ ಆಟೋದವರಿಗೆ ಕೊಡ್ತಿದ್ದ ದುಡ್ಡು ಉಳೀತು. ಜಾತ್ರೆಗೆ ಹೋದಾಗ ಹಿಂದಿನ ಬಾಗಿಲು ಎತ್ತಿ, ಅದರ ನೆರಳಲ್ಲಿ ಕೂತು ಬುತ್ತಿ ಉಣ್ತಿದ್ವಿ.

ಕಷ್ಟ ಇರಲಿಲ್ವಾ? ಇತ್ತು. ಎಸ್ಟೇಟ್‌ನ ಮುಂದಿನ ಅರ್ಧ ಬೇರೆ ಕಾರಿನ ಜೊತೆ ಹಂಚ್ಕೊಂಡಿರುತ್ತೆ, ಅದಕ್ಕೆ ಸ್ಪೇರ್ ಸಿಗುತ್ತೆ. ಹಿಂದಿನ ಅರ್ಧ ಅದೊಂದಕ್ಕೇ ಮಾಡಿದ್ದು: ಹಿಂದಿನ ಗಾಜು, ಲೈಟು, ಬಾಗಿಲಿನ ರಬ್ಬರು, ಬಾಗಿಲನ್ನ ಎತ್ತಿ ಹಿಡಿಯೋ ರಾಡು. 2019ರಲ್ಲಿ ಕ್ರಿಕೆಟ್ ಬಾಲ್ ಬಿದ್ದು ಹಿಂದಿನ ಗಾಜು ಪುಡಿಯಾಯ್ತು. ಮೂರು ವಾರ ಪ್ಲಾಸ್ಟಿಕ್ ಹಾಳೆ ಅಂಟಿಸ್ಕೊಂಡು ಓಡಿಸಿದ್ವಿ. ಕೊನೆಗೆ ಒಂದು ಗುಜರಿಯಲ್ಲಿ 3,500ಕ್ಕೆ ಸಿಕ್ತು. ರಬ್ಬರ್ ಹಳೇದಾಗಿ ನೀರು ಒಳಗಿಳಿದು ಸ್ಟೆಪ್ನಿ ಇಡೋ ಗುಂಡಿ ತುಕ್ಕು ಹಿಡೀತು, ಅದಕ್ಕೆ ಟಿಂಕರಿಂಗ್ ಖರ್ಚು ಬೇರೆ. ಇಂಥ ಗಾಡಿ ನೋಡೋಕೆ ಹೋದ್ರೆ ಬಾನೆಟ್ ಆಮೇಲೆ ತೆಗೀರಿ, ಮೊದಲು ಹಿಂದಿನ ಕಾರ್ಪೆಟ್ ಎತ್ತಿ ನೋಡಿ.

2023ಕ್ಕೆ ಆರ್.ಸಿ.ಯ 15 ವರ್ಷ ಮುಗೀತು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ಇದ್ದದ್ದು 5,000 ಆಗಿತ್ತು. ಮಾರೋದಾ, ಇಟ್ಕೊಳ್ಳೋದಾ? ಒಬ್ಬ ಡೀಲರ್ 35,000ಕ್ಕೆ ಕೇಳಿದ್ರು. ಮಾವನ ಪ್ರಶ್ನೆಗೆ ಹನ್ನೊಂದು ವರ್ಷ ಆದ್ಮೇಲೆ ಸಿಕ್ಕ ಉತ್ತರ ಅದು. ಅವತ್ತು ರಾತ್ರಿ ನಾನು ಎಕ್ಸೆಲ್ ತೆಗೆದೆ.

1,35,000ಕ್ಕೆ ಕೊಂಡು 35,000ಕ್ಕೆ ಮಾರಿದ್ರೆ ನಷ್ಟ 1 ಲಕ್ಷ. 11 ವರ್ಷಕ್ಕೆ ಭಾಗಿಸಿದ್ರೆ ವರ್ಷಕ್ಕೆ ಸುಮಾರು 9,000. ರಿಪೇರಿ, ಟೈರು ಎಲ್ಲಾ ಸೇರಿ ವರ್ಷಕ್ಕೆ ಸರಾಸರಿ 18,000 ಆಗಿತ್ತು. ಒಟ್ಟು 27,000.

ಮಾವ 2016ರಲ್ಲಿ 9.5 ಲಕ್ಷಕ್ಕೆ ಹೊಸ ಗಾಡಿ ತಗೊಂಡು 2023ರಲ್ಲಿ 5 ಲಕ್ಷಕ್ಕೆ ಮಾರಿದ್ರು. "ಒಳ್ಳೇ ರೇಟು ಬಂತು" ಅಂತ ಖುಷಿಯಾಗಿದ್ರು. ನಿಜ, ಒಳ್ಳೇ ರೇಟೇ. ಆದರೆ ನಷ್ಟ 4.5 ಲಕ್ಷ, 7 ವರ್ಷಕ್ಕೆ ಭಾಗಿಸಿದ್ರೆ ವರ್ಷಕ್ಕೆ 64,000, ಸರ್ವಿಸ್ ಬಿಟ್ಟು. ಮಾರುಕಟ್ಟೆ ಒಳ್ಳೇದು ಅಂದ ಗಾಡಿ ಕಳೆದದ್ದು ಜಾಸ್ತಿ, ಕೆಟ್ಟದ್ದು ಅಂದ ಗಾಡಿ ಕಳೆದದ್ದು ಕಡಿಮೆ. ಯಾಕಂದ್ರೆ ನಮ್ಮ ಗಾಡಿಯ ನಷ್ಟವನ್ನ ಮೊದಲ ಮಾಲೀಕರೇ ತುಂಬಿಯಾಗಿತ್ತು. ಯಾರಿಗೂ ಬೇಡದ್ದರ ಬೆಲೆ ಅಗ್ಗ, ಅದು ನಮಗೆ ಬೇಕಿದ್ರೆ ಲಾಭ ನಮ್ಮದೇ.

ಇಲ್ಲಿಗೇ ನಿಲ್ಲಿಸಿದ್ರೆ ಅಪ್ಪ ಜಾಣ, ಮಾವ ದಡ್ಡ ಅಂತ ಚಪ್ಪಾಳೆ ಬೀಳುತ್ತೆ. ಆದರೆ ನನ್ನ ಎಕ್ಸೆಲ್ಲಿನಲ್ಲಿ ಒಂದು ಕಾಲಂ ಇರಲಿಲ್ಲ. ಮಾವನ ಗಾಡೀಲಿ ಏರ್‌ಬ್ಯಾಗ್ ಇತ್ತು, ಎ.ಬಿ.ಎಸ್. ಇತ್ತು. ನಮ್ಮದರಲ್ಲಿ ಎರಡೂ ಇಲ್ಲ. ಹನ್ನೊಂದು ವರ್ಷ ನಾವು ಐದು ಜನ ಆ ಗಾಡೀಲಿ ಹೆದ್ದಾರಿ ಮೇಲೆ ಓಡಾಡಿದ್ವಿ, ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದನ್ನ ಲಾಭದ ಪಟ್ಟಿಗೆ ಬರೆಯೋ ಧೈರ್ಯ ನನಗಿಲ್ಲ.

ಅದಕ್ಕೆ ಅವತ್ತು ಒಂದು ಒಪ್ಪಂದ ಆಯ್ತು. ಆರ್.ಸಿ. ನವೀಕರಿಸಿದ್ವಿ, 2028ರವರೆಗೆ ಇದೆ. ಆದರೆ ಹೆದ್ದಾರಿಗೆ ಆ ಗಾಡಿ ಇಳಿಸೋ ಹಾಗಿಲ್ಲ. ಬೆಂಗಳೂರಿಗೆ ಅಪ್ಪ ಅಮ್ಮ ರೈಲಲ್ಲಿ ಬರ್ತಾರೆ. ಥಾನುಗಳು ಪಾರ್ಸೆಲ್ ಲಾರೀಲಿ ತಿಪಟೂರಿಗೆ ಬರುತ್ತೆ. ರೈಲು ನಿಂತ ಮೇಲೆ ಸ್ಟೇಷನ್ನಿಂದ ಮನೆಗೆ, ಲಾರಿ ಆಫೀಸಿಂದ ಅಂಗಡಿಗೆ, ಅಷ್ಟು ಮಾತ್ರ ನಮ್ಮ ಗಾಡಿ.

ಅಮೆರಿಕದಲ್ಲಿ ಅದಕ್ಕೆ ಆ ಹೆಸರು ಬಂದದ್ದೂ ಇದೇ ಕೆಲಸಕ್ಕೆ. ನಮ್ಮ ಗಾಡಿ ಈಗ ನಿಜವಾದ ಸ್ಟೇಷನ್ ವ್ಯಾಗನ್.

ನಿಮ್ಮ ಮನೆಯಲ್ಲೂ "ಮಾರೋವಾಗ ಯಾರು ತಗೊಳ್ತಾರೆ" ಅನ್ನಿಸಿಕೊಂಡ ಗಾಡಿ ಇದ್ರೆ, ಅದರ ಕಥೆ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ.