ನೋಡೋದು ಸಸ್ತಾ, ನೆನಪಿಡೋದು ತುಟ್ಟಿ

ತಾಳಿಕೋಟೆ ಅಂದಕೂಡಲೇ ಹೊರಗಿನವರಿಗೆ ನೆನಪಾಗೋದು 1565ರ ಯುದ್ಧ. ಅದು ಯಾವ ಬಯಲಿನಲ್ಲಿ ನಡೀತು ಅಂತ ಕೇಳಿ ನೋಡ್ರಿ. ಒಬ್ಬರು ರಕ್ಕಸಗಿ-ತಂಗಡಗಿ ಅಂತಾರೆ, ಇನ್ನೊಬ್ಬರು ಬನ್ನಿಹಟ್ಟಿ ಅಂತಾರೆ. ಕಣ್ಣಾರೆ ಕಂಡವರಿಗೆ ಲೆಕ್ಕವಿರಲಿಲ್ಲ, ಆದರೂ ವಾದ ಮುಗಿದಿಲ್ಲ. ನೋಡುವುದು ಬೇರೆ, ನೋಡಿದ್ದನ್ನು ಉಳಿಸಿಕೊಳ್ಳುವುದು ಬೇರೆ.

ಈ ಮಾತು ನೆನಪಾದದ್ದು ಊರಿನ ಕಾಕಾ ಒಬ್ಬರು ಬಂದಾಗ. "ತಮ್ಮಾ, ಗೋದಾಮಿಗೆ ಎಂಟು ಕ್ಯಾಮೆರಾ ಹಾಕಸಬೇಕು. ಯಾವ ಕಂಪ್ಯೂಟರ್ ತಗೊಳ್ಳಲಿ?" ಅವರಲ್ಲಿ ಮೊದಲೇ ಒಂದು ಯಂತ್ರವಿತ್ತು. ತೊಗರಿ ಚೀಲ ಕಡಿಮೆಯಾದದ್ದು ಲೆಕ್ಕಕ್ಕೆ ಬಂದಾಗ ಮೂರು ವಾರ ಕಳೆದಿತ್ತು. ಯಂತ್ರದಲ್ಲಿ ಉಳಿದಿದ್ದು ಹತ್ತು ದಿನದ ಚಿತ್ರ ಮಾತ್ರ. ಅನುಮಾನ ಒಬ್ಬ ಹಮಾಲನ ಮೇಲೆ ಬಂತು. ಅವನು ಕದ್ದಾನೆ ಅನ್ನೋದಕ್ಕೂ ಸಾಕ್ಷಿಯಿಲ್ಲ, ಕದ್ದಿಲ್ಲ ಅನ್ನೋದಕ್ಕೂ ಇಲ್ಲ. ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ.

ಕಾವಲಿನ ಇತಿಹಾಸವೆಲ್ಲ ಹೀಗೇ ಇದೆ. ವಿಜಯಪುರದ ಉಪ್ಪಲಿ ಬುರ್ಜನ್ನು 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ. ಸುಮಾರು 80 ಅಡಿ ಎತ್ತರ. ಮೇಲೆ ನಿಂತವನಿಗೆ ಬಯಲೆಲ್ಲ ಕಾಣುತ್ತದೆ, ಆದರೆ ಅವನು ಇಳಿದು ಹೇಳಿದಷ್ಟೇ ದಾಖಲೆ. 1942ರಲ್ಲಿ ಜರ್ಮನಿಯ ಪೀನೆಮುಂಡೆಯಲ್ಲಿ ರಾಕೆಟ್ ಉಡಾವಣೆಯನ್ನು ದೂರದಿಂದ ನೋಡಲು ವಾಲ್ಟರ್ ಬ್ರುಖ್ ಜೋಡಿಸಿದ ಟಿವಿ ಕ್ಯಾಮೆರಾಗಳೂ ಅಷ್ಟೇ: ತೋರಿಸುತ್ತಿದ್ದವು, ಉಳಿಸಿಕೊಳ್ಳುತ್ತಿರಲಿಲ್ಲ. ನೆನಪು ಸೇರಿದ್ದು ಆಮೇಲೆ, ವಿಡಿಯೋ ಟೇಪಿನ ಕಾಲಕ್ಕೆ.

ಕಂಪ್ಯೂಟರ್ ಬಂದಾಗ ಮೊದಲ ತೊಡಕು ದಾರಿಯದ್ದು. ಕಂಪ್ಯೂಟರಿನೊಳಗಿನ ಹಳೆಯ ಪಿಸಿಐ ದಾರಿಯಲ್ಲಿ ಸೆಕೆಂಡಿಗೆ ಗರಿಷ್ಠ 133 ಎಂಬಿ ಹೋಗಬಹುದಿತ್ತು. ಒಂದು ಕ್ಯಾಮೆರಾದ ಪೂರ್ಣ ಅಳತೆಯ, ಕುಗ್ಗಿಸದ ಚಿತ್ರಕ್ಕೇ ಸುಮಾರು 22 ಎಂಬಿ ಬೇಕು. ಅಂದರೆ ಆರು ಕ್ಯಾಮೆರಾಕ್ಕೇ ರಸ್ತೆ ಜಾಮ್! ಅದಕ್ಕೇ ಅಗ್ಗದ ಕ್ಯಾಪ್ಚರ್ ಕಾರ್ಡುಗಳು ಒಂದೇ ಚಿಪ್ಪಿನ 25 ಫ್ರೇಮುಗಳನ್ನು ಎಲ್ಲ ಕ್ಯಾಮೆರಾಗಳಿಗೂ ಹಂಚುತ್ತಿದ್ದವು. ಪರದೆಯ ಮೇಲೆ ಮನುಷ್ಯ ನಡೆಯುತ್ತಿರಲಿಲ್ಲ, ಜಿಗಿಯುತ್ತಿದ್ದ.

1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ ನೆಟ್‌ವರ್ಕಿಗೆ ನೇರ ಜೋಡಿಸುವ ಕ್ಯಾಮೆರಾ ತಂದಿತು. ಕ್ರಮೇಣ ಚಿತ್ರ ಕುಗ್ಗಿಸುವ ಕೆಲಸ ಕ್ಯಾಮೆರಾದೊಳಗೇ ಸೇರಿತು. ಕಂಪ್ಯೂಟರಿಗೆ ಉಳಿದ ಮುಖ್ಯ ಕೆಲಸ ಬರೆದಿಡೋದು.

ಆದರೂ ಅಂಗಡಿಯವರು ಪ್ರೊಸೆಸರ್ ಹೆಸರನ್ನೇ ಮೊದಲು ಹೇಳುತ್ತಾರೆ. ನಾನು ಕಾಕಾಗೆ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 43 ಜಿಬಿ. ಎಂಟಕ್ಕೆ 345 ಜಿಬಿ. ಮೂವತ್ತು ದಿನಕ್ಕೆ ಹತ್ತು ಟಿಬಿ ದಾಟುತ್ತದೆ. 4 ಟಿಬಿ ಡಿಸ್ಕ್ ಹನ್ನೆರಡನೇ ದಿನ ತುಂಬಿ ಹಳೆಯದನ್ನು ಅಳಿಸೋಕೆ ಶುರುಮಾಡುತ್ತದೆ. ಎಚ್.265 ವಿಧಾನದಲ್ಲಿ ಹರಿವು ಅರ್ಧಕ್ಕಿಳಿದರೆ ಐದು ಟಿಬಿ ಚಿಲ್ಲರೆ ಸಾಕು. ಎಂಟೂ ಚಿತ್ರಗಳನ್ನು ಒಟ್ಟಿಗೆ ಪರದೆಯ ಮೇಲೆ ಬಿಚ್ಚಿ ನೋಡಬೇಕಾದಾಗ ಮಾತ್ರ ಪ್ರೊಸೆಸರ್, ಗ್ರಾಫಿಕ್ಸಿನ ಬಲ ಬೇಕು. ಹಗಲಿರುಳು ಬರೆಯುವುದಕ್ಕೆಂದೇ ಮಾಡಿದ ಡಿಸ್ಕ್ ಇರಲಿ, ಕರೆಂಟ್ ಹೋದಾಗ ತಡೆಯೋಕೆ ಯುಪಿಎಸ್ ಇರಲಿ. ನಮ್ಮ ಬೇಸಿಗೆಗೆ ಗಾಳಿಯಾಡುವ ಜಾಗವೂ ಬೇಕು. ಪೆಟ್ಟಿಗೆಯನ್ನು ಅಟ್ಟದ ಮೇಲೆ ಚೀಲದ ಸಂದಿಗೆ ತುರುಕಬಾರದು.

ಕಾನೂನು ಕೇಳೋದೂ ಇದನ್ನೇ. ಹೆಚ್ಚು ಮಂದಿ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಚಿತ್ರವನ್ನು 30 ದಿನ ಉಳಿಸಬೇಕು ಅಂತ ಕರ್ನಾಟಕದ ಸಾರ್ವಜನಿಕ ಸುರಕ್ಷತೆಯ 2017ರ ಕಾಯ್ದೆ ಹೇಳುತ್ತದೆ. ಪೊಲೀಸ್ ಠಾಣೆಗಳಿಗೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ 18 ತಿಂಗಳು ಅಂದಿತು. ಯಾಕಂದರೆ ಠಾಣೆಯೊಳಗೆ ಪೆಟ್ಟು ತಿಂದವನು ದೂರು ಕೊಡುವ ಧೈರ್ಯ ಮಾಡೋಕೇ ತಿಂಗಳುಗಳು ಬೇಕಾಗಬಹುದು. ಅಷ್ಟರಲ್ಲಿ ಡಿಸ್ಕ್ ಎಲ್ಲ ಮರೆತಿದ್ದರೆ?

ಕಾಕಾ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅವತ್ತು ಇಷ್ಟ್ ದೊಡ್ಡ ಡಿಸ್ಕ್ ಇದ್ದಿದ್ರ ಕಳ್ಳ ಸಿಗತಿದ್ದ ಅಲ್ಲ?" ಅಂದರು.

"ಕಳ್ಳ ಸಿಗತಿದ್ದನೋ ಇಲ್ಲೋ ಗೊತ್ತಿಲ್ರಿ," ಅಂದೆ. "ಆ ಹಮಾಲ ಅಲ್ಲಾಂದ್ರ, ಅದಾದ್ರೂ ಗೊತ್ತಾಗತಿತ್ತು."

ಕಾಕಾ ಮಾತಾಡಲಿಲ್ಲ. ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಎದ್ದರು.