ಪ್ರೋಗ್ರೆಸಿವ್ ಸ್ಕ್ಯಾನ್ ಚಿತ್ರೀಕರಣ

ಚಿತ್ರದ ಅಡ್ಡಗೆರೆಗಳೆಲ್ಲವನ್ನೂ ಮೇಲಿನಿಂದ ಕೆಳಕ್ಕೆ ಅನುಕ್ರಮವಾಗಿ, ಅಖಂಡವಾದ ಒಂದೇ ಚೌಕಟ್ಟಿನಲ್ಲಿ ದಾಖಲಿಸುವ ವಿಡಿಯೋ ಕ್ರಮ. ಭಾರತದಲ್ಲಿ ರೂಢಿಗೆ ಬಂದ ಪಾಲ್ ಟೆಲಿವಿಷನ್ ಪದ್ಧತಿಯ ಇಂಟರ್‌ಲೇಸ್ ಕ್ರಮವು ಬೆಸಗೆರೆಗಳನ್ನೂ ಸಮಗೆರೆಗಳನ್ನೂ ಸೆಕೆಂಡಿನ 50ನೆಯ ಒಂದಂಶದ ಅಂತರದಲ್ಲಿ ಪ್ರತ್ಯೇಕವಾಗಿ ಹಿಡಿದು, ಆ ಎರಡು ಅರ್ಧಗಳನ್ನು ಹೆಣೆದು 576 ಗೆರೆಗಳ ಚೌಕಟ್ಟನ್ನು ರೂಪಿಸುವುದರಿಂದ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯ ತೋಟದಲ್ಲಿ ಗಾಳಿಗೆ ತೂಗುವ ತೆಂಗಿನ ಗರಿಯನ್ನು ಹಾಗೆ ಚಿತ್ರಿಸಿ ಕಂಪ್ಯೂಟರಿನ ಪರದೆಯಲ್ಲಿ ತಡೆದು ನೋಡಿದಲ್ಲಿ, ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡು ತೋರುವುದು. ಸೆಕೆಂಡಿಗೆ 25 ಪೂರ್ಣ ಚೌಕಟ್ಟುಗಳ ಪ್ರೋಗ್ರೆಸಿವ್ ಕ್ರಮದಲ್ಲಿ ಈ ದೋಷವಿಲ್ಲ.

1995ರಿಂದ ಬಂದ ಡಿವಿ (ಡಿಜಿಟಲ್ ವಿಡಿಯೋ) ಕ್ಯಾಮ್‌ಕಾರ್ಡರುಗಳಲ್ಲಿ ಬಹುಪಾಲು ಇಂಟರ್‌ಲೇಸ್ ಕ್ರಮದವೇ. ಕೆಲವುಗಳ ‘ಫ್ರೇಮ್’ ಆಯ್ಕೆಯು ಪೂರ್ಣ ಚೌಕಟ್ಟನ್ನು ಹೋಲುವ ಚಿತ್ರವನ್ನು ಕೊಟ್ಟರೂ ಲಂಬ ಸ್ಫುಟತೆಯನ್ನು ತುಸು ಬಲಿಗೊಟ್ಟಿತು. 2002ರ ಪ್ಯಾನಸೋನಿಕ್ ಡಿವಿಎಕ್ಸ್100 ನಿಜವಾದ ಪ್ರೋಗ್ರೆಸಿವ್ ಚಿತ್ರವನ್ನು ಅಲ್ಪ ಬಂಡವಾಳದ ಚಿತ್ರಕಾರರಿಗೂ ಎಟುಕಿಸಿತು.

ಪ್ರೋಗ್ರೆಸಿವ್ ಕ್ರಮದಲ್ಲಿ ಚಿತ್ರಿಸುವಾಗ ಷಟರ್ ವೇಗವನ್ನು 1/50 ಸೆಕೆಂಡಿಗೆ ನಿಲ್ಲಿಸುವುದು ಯುಕ್ತ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಮದುವೆಮನೆಯ ಟ್ಯೂಬ್‌ಲೈಟು ಮಿನುಗದೆ ದಾಖಲಾಗುತ್ತದೆ, ಚಲನೆಯ ಮಸುಕೂ ಸಹಜವಾಗಿರುತ್ತದೆ. ಆದರೆ ಚೌಕಟ್ಟುಗಳ ಸಂಖ್ಯೆ ಅಲ್ಪವಾದ್ದರಿಂದ ಕ್ಯಾಮೆರಾವನ್ನು ರಭಸದಿಂದ ಹೊರಳಿಸಿದರೆ ಸಾಲುಮರಗಳು ತಡವರಿಸಿದಂತೆ ಕಾಣುವುವು. ಸ್ಟ್ಯಾಂಡಿನ ಮೇಲಿರಿಸಿ ನಿಧಾನವಾಗಿ ತಿರುಗಿಸತಕ್ಕದ್ದು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಸುಲಿದು, ಚಿಪ್ಪೊಡೆದು, ಇಡಿಯ ಕೊಬ್ಬರಿಯನ್ನು ಮುಕ್ಕಾಗದಂತೆ ಹೊರತೆಗೆಯುವ ನುರಿತ ಕೈಗಳ ಕೆಲಸವನ್ನು, ಮುಂದೆ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ಕಲಿಯುವವರಿಗಾಗಿ ಉಳಿಸಬೇಕಾದಾಗ, ಪ್ರೋಗ್ರೆಸಿವ್ ಕ್ರಮವೇ ನಿಸ್ಸಂಶಯವಾಗಿ ಶ್ರೇಷ್ಠ.